ಕೆಮ್ಮಣ್ಣಿನ ಕೋಣೆಗೆ ಎಫ್/1.8

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಯಾವ ಜಾತ್ರೆಯ ಕುಸ್ತಿಗೆ ಹೋದರೂ ಕ್ಯಾಮೆರಾ ಹಿಡಿದವರ ತಕರಾರು ಒಂದೇ. ಮಧ್ಯಾಹ್ನದ ಬಿಸಿಲಿನಲ್ಲಿ ಚಿಕ್ಕ ಹುಡುಗರ ಕುಸ್ತಿ ಶುರುವಾಗುತ್ತದೆ. ಬಿಸಿಲು ಇಳಿದಂತೆ ಜೋಡಿಗಳ ತೂಕ ಏರುತ್ತದೆ, ಬಹುಮಾನದ ಮೊತ್ತ ಏರುತ್ತದೆ, ಹಲಗಿಯ ಪೆಟ್ಟು ಬಿರುಸಾಗುತ್ತದೆ. ಜಂಗಿ ನಿಕಾಲಿ ಕುಸ್ತಿ ಎಂದು ಪೋಸ್ಟರಿನಲ್ಲಿ ದೊಡ್ಡ ಫೋಟೊ ಹಾಕಿಸಿಕೊಂಡ ಒಂದನೇ ನಂಬರಿನ ಜೋಡಿ ಕಣಕ್ಕಿಳಿಯುವ ಹೊತ್ತಿಗೆ ಸೂರ್ಯ ಕಬ್ಬಿನ ಹೊಲಗಳ ಆಚೆ ಹೋಗಿರುತ್ತಾನೆ. ಬೆಳ್ಳಿ ಗದೆ ಯಾರ ಹೆಗಲಿಗೇರುತ್ತದೆ ಎಂಬ ತೀರ್ಮಾನ ಆಗುವುದು ಮಬ್ಬಿನಲ್ಲಿ.

ಅದೇ ಪೈಲ್ವಾನನನ್ನು ಅವನ ಗರಡಿಮನೆಯಲ್ಲೇ ಹಿಡಿಯೋಣ ಎಂದು ಹೊರಟರೆ ಪರಿಸ್ಥಿತಿ ಇನ್ನೂ ಬಿಗಿ. ತಾಲೀಮು ನಡೆಯುವುದು ನಸುಕಿನಲ್ಲಿ, ಇಲ್ಲವೇ ದೀಪ ಹಚ್ಚುವ ಹೊತ್ತಿನ ಮೇಲೆ. ಹಳೆಯ ಗರಡಿಗಳನ್ನು ಕಟ್ಟಿದವರು ಬೆಳಕನ್ನು ಬೇಕೆಂದೇ ಹೊರಗಿಟ್ಟಿದ್ದರು. ದಪ್ಪ ಗೋಡೆ, ತಲೆ ಬಾಗಿಸಿ ನುಗ್ಗಬೇಕಾದ ಗಿಡ್ಡ ಬಾಗಿಲು, ಮೇಲೆಲ್ಲೋ ಒಂದು ಬೆಳಕಿಂಡಿ, ನೆಲಮಟ್ಟಕ್ಕಿಂತ ಕೆಳಗೆ ಅಗೆದ ಅಖಾಡ. ಬೆವರಿದ ಮೈಗೆ ತಂಗಾಳಿ ಬಡಿಯಬಾರದು, ಹದ ಮಾಡಿದ ಮಣ್ಣು ಒಣಗಬಾರದು, ಬೀದಿಯ ಕಣ್ಣು ಒಳಗೆ ಬೀಳಬಾರದು. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಕುಡಿದ ಕೆಮ್ಮಣ್ಣು ಇದ್ದಬದ್ದ ಬೆಳಕನ್ನೂ ನುಂಗಿಕೊಳ್ಳುತ್ತದೆ. ಹಣಮಪ್ಪನ ಮುಂದಿನ ದೀಪ ಮತ್ತು ಗೋಡೆಯ ಮೇಲಿನ ಒಂದು ಟ್ಯೂಬ್‌ಲೈಟ್, ಅಷ್ಟೇ ಬಂಡವಾಳ. ಅಂಥ ಕೋಣೆಯಲ್ಲಿ ಮೈಮೇಲೆ ಎಂಬತ್ತು ಲಕ್ಸ್ ಬೆಳಕು ಬಿದ್ದರೆ ಅದೃಷ್ಟ. ಹೊರಗಿನ ನೆತ್ತಿ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸಾವಿರ ಪಟ್ಟಿಗೂ ಮೀರಿದ ಈ ಅಂತರ ಒಳಗೆ ಕಾಲಿಟ್ಟ ಕೆಲವು ನಿಮಿಷಗಳಲ್ಲಿ ನಮ್ಮ ಕಣ್ಣಿಗೆ ಮರೆತೇ ಹೋಗುತ್ತದೆ. ಕ್ಯಾಮೆರಾಕ್ಕೆ ಮರೆಯುವುದಿಲ್ಲ.

ಹಳೆಯ ಪೈಲ್ವಾನರ ಫೋಟೊಗಳನ್ನು ಒಮ್ಮೆ ಸಾಲಾಗಿ ನೋಡಬೇಕು. ಗರಡಿಯ ಗೋಡೆಯಲ್ಲೂ ಮನೆಯ ಪಡಸಾಲೆಯಲ್ಲೂ ತೂಗುಹಾಕಿರುವ ಆ ಚಿತ್ರಗಳಲ್ಲಿ ಬಹುಮಟ್ಟಿಗೆ ಎಲ್ಲರೂ ನಿಂತಿದ್ದಾರೆ. ಹೆಗಲ ಮೇಲೆ ಗದೆ, ಉಬ್ಬಿಸಿದ ಎದೆ, ಹಿಂದೆ ಸ್ಟುಡಿಯೊದ ಪರದೆ ಅಥವಾ ಬಯಲು. ಯಾರೂ ಕುಸ್ತಿ ಆಡುತ್ತಿಲ್ಲ! ಇದನ್ನು ಆ ಕಾಲದ ಗತ್ತು ಎಂದು ತಿಳಿಯುವವರಿದ್ದಾರೆ. ಗತ್ತಿನ ಜೊತೆ ಲೆಕ್ಕವೂ ಇದೆ. ನೂರು ಐಎಸ್‌ಒ ವೇಗದ ಫಿಲ್ಮು, ಎಫ್/3.5 ಲೆನ್ಸು ಹಿಡಿದು ಎಂಬತ್ತು ಲಕ್ಸಿನ ಗರಡಿಯಲ್ಲಿ ಸರಿಯಾದ ಚಿತ್ರ ಬರಬೇಕಾದರೆ ಶಟರ್ ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬೇಕು. 1954ರಲ್ಲಿ ಕೊಡಾಕ್ ಕಂಪನಿ 35 ಎಂಎಂ ರೂಪದಲ್ಲಿ ತಂದ ಟ್ರೈ-ಎಕ್ಸ್ ಫಿಲ್ಮು ಆ ಹೊತ್ತನ್ನು ಸೆಕೆಂಡಿನ ಹತ್ತನೇ ಒಂದಕ್ಕೆ ಇಳಿಸಿತು. ಅಷ್ಟರಲ್ಲೂ ಧೋಬಿ ಪಛಾಡದ ಪಟ್ಟು ಹಾಕಿದವನ ಕೈ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಚಿತ್ರದಲ್ಲಿ ಉಳಿಯುವುದು ಬರೀ ಮಸುಕು.

ಹೆಚ್ಚು ಬೆಳಕು ಒಳಬಿಡುವ ಲೆನ್ಸುಗಳೇ ಇರಲಿಲ್ಲ ಎಂದಲ್ಲ. ಜರ್ಮನಿಯ ಎರ್ಮಾನಾಕ್ಸ್ ಕ್ಯಾಮೆರಾ 1925ರ ಹೊತ್ತಿಗೇ ಎಫ್/1.8 ಲೆನ್ಸಿನೊಂದಿಗೆ ಸಿಗುತ್ತಿತ್ತು. ಎರಿಕ್ ಸಾಲೊಮನ್ ಎಂಬ ಛಾಯಾಗ್ರಾಹಕ ಅದನ್ನು ಹಿಡಿದು ಯುರೋಪಿನ ನ್ಯಾಯಾಲಯ, ಸಭಾಂಗಣಗಳ ಒಳಗಿನ ಚಿತ್ರ ತೆಗೆದು ಹೆಸರಾದ. ಆದರೆ ಅವನ ಮುಂದಿದ್ದವರು ಕುರ್ಚಿಯಲ್ಲಿ ಕುಳಿತ ರಾಜಕಾರಣಿಗಳು. ಅವರು ಏಕಲಂಗಿ ಪಟ್ಟು ಹಾಕುವುದಿಲ್ಲ.

ಹಾಗಾಗಿ ಒಂದು ವಿಚಿತ್ರ ಆಗಿಹೋಗಿದೆ. ಈ ಸೀಮೆಯ ಪೈಲ್ವಾನರಿಗೆ ಇವತ್ತಿಗೂ ಕುಸ್ತಿಯ ದೊಡ್ಡ ಊರು ಕೊಲ್ಹಾಪುರ. ಶಾಹೂ ಮಹಾರಾಜರು ಕಟ್ಟಿಸಿದ ಅಲ್ಲಿನ ಖಾಸಬಾಗ್ ಕಣ 1912ರದು. ಕೊಲ್ಹಾಪುರದಲ್ಲಿ ಪಳಗಿದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಕಣ ಕಂಡಿತು, ಪದಕ ಕಂಡಿತು, ಮೆರವಣಿಗೆ ಕಂಡಿತು. ಪೈಲ್ವಾನ ತಯಾರಾದ ಕೋಣೆ ಮಾತ್ರ ಕ್ಯಾಮೆರಾಕ್ಕೆ ಕಾಣಲಿಲ್ಲ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳ ಕಾಲದಿಂದ ಓಣಿ ಓಣಿಯ ಗರಡಿಗಳಲ್ಲಿ ನಡೆದದ್ದು ಮಾತಿನಲ್ಲಿ ಉಳಿದಿದೆ, ಚಿತ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗದಾಯುದ್ಧ ಬರೆದ ರನ್ನ ಇದೇ ಮುಧೋಳದವನು. ಅವನಿಗೆ ಬೆಳಕಿನ ಹಂಗಿರಲಿಲ್ಲ.

ಬಾಗಿಲು ತೆರೆದದ್ದು 2007ರ ನಂತರ. ಆ ವರ್ಷ ಬಂದ ನಿಕಾನ್ ಡಿ3 ಕ್ಯಾಮೆರಾ 6400 ಐಎಸ್‌ಒದಲ್ಲಿ ಪತ್ರಿಕೆಯಲ್ಲಿ ಧಾರಾಳವಾಗಿ ಅಚ್ಚು ಹಾಕಬಹುದಾದ ಚಿತ್ರ ಕೊಟ್ಟಿತು, ಒಳಾಂಗಣ ಕ್ರೀಡೆಯ ಫೋಟೊಗ್ರಫಿಯ ಲೆಕ್ಕವೇ ಬದಲಾಯಿತು. ಆಗ ಅದು ದೊಡ್ಡ ಪತ್ರಿಕೆಗಳವರ ಕೈಗೆ ಮಾತ್ರ ಎಟುಕುವ ಸರಕು. ಈಗ ಆ ತಾಕತ್ತಿನ ಕ್ಯಾಮೆರಾ ಮದುವೆ ಆರ್ಡರ್ ಮಾಡುವ ಪ್ರತಿ ಸ್ಟುಡಿಯೊದಲ್ಲಿದೆ. 2012ರ ಕ್ಯಾನನ್ 6ಡಿ, 2014ರ ನಿಕಾನ್ ಡಿ750ಯಂಥವು ಸೆಕೆಂಡ್ ಹ್ಯಾಂಡಿನಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಗರಡಿಗಳು ಒಂದೊಂದಾಗಿ ಜಿಮ್ ಆಗುತ್ತಿರುವ, ಬೀಗ ಬೀಳುತ್ತಿರುವ ಕಾಲದಲ್ಲಿ ಕ್ಯಾಮೆರಾ ಅಲ್ಲಿಗೆ ಹೋಗಲು ಲಾಯಕ್ಕಾಗಿದೆ. ತಡವಾಗಿದೆ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸೆಟ್ಟಿಂಗ್ಸ್ ವಿಷಯ ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ಹವ್ಯಾಸಿಗಳು ಮೊದಲು ಕೇಳುವುದು, ‘ಐಎಸ್‌ಒ ಎಷ್ಟು ಇಡಬೇಕ್ರೀ?’ ಅದು ಕೊನೆಯ ಪ್ರಶ್ನೆ. ಮೊದಲು ತೀರ್ಮಾನವಾಗಬೇಕಾದ್ದು ಶಟರ್. ಅದನ್ನು ತೀರ್ಮಾನಿಸುವುದು ನೀವೂ ಅಲ್ಲ, ಕ್ಯಾಮೆರಾವೂ ಅಲ್ಲ, ಡಾವು, ಅಂದರೆ ಕುಸ್ತಿಯ ಪಟ್ಟು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬೀಸುವ ಕೈ 1/125 ಸೆಕೆಂಡಿನಲ್ಲಿ ನಾಲ್ಕು ಸೆಂಟಿಮೀಟರ್ ಸರಿದಿರುತ್ತದೆ, 1/500ರಲ್ಲಿ ಒಂದು ಸೆಂಟಿಮೀಟರ್, 1/1000ದಲ್ಲಿ ಅರ್ಧ. ಹೀಗಾಗಿ ಢಾಕ, ಕಲಾಜಂಗ್, ಧೋಬಿ ಪಛಾಡದಂಥ ಎತ್ತಿ ಒಗೆಯುವ ಡಾವುಗಳಿಗೆ 1/640ಕ್ಕಿಂತ ಕೆಳಗೆ ಇಳಿಯಬೇಡಿ; 1/800 ಸಿಕ್ಕರೆ ಬಿಡಬೇಡಿ.

ಆದರೆ ಕುಸ್ತಿ ಎಂದರೆ ಬರೀ ಒಗೆತವಲ್ಲ. ಒಬ್ಬ ಬೋರಲು ಬಿದ್ದು ಮಣ್ಣು ಕಚ್ಚಿ ಹಿಡಿದಿರುತ್ತಾನೆ, ಇನ್ನೊಬ್ಬ ಅವನ ಬೆನ್ನೇರಿ ಘಿಸ್ಸಾಕ್ಕೆ ಹೊಂಚುತ್ತಿರುತ್ತಾನೆ. ನಿಮಿಷಗಟ್ಟಲೆ ಇಬ್ಬರ ಮೈಯೂ ಅಲುಗುವುದಿಲ್ಲ, ಬಲವೆಲ್ಲ ಒಳಗೇ ನಡೆಯುತ್ತಿರುತ್ತದೆ. ಕುತ್ತಿಗೆಯ ನರ, ಕಚ್ಚಿದ ಹಲ್ಲು, ಮಣ್ಣು ಮೆತ್ತಿದ ರೆಪ್ಪೆ ಎಲ್ಲ ಅಲ್ಲೇ ಸಿಗುವುದು. ಇದಕ್ಕೆ 1/200 ಸಾಕು. ಶಟರ್ ಅಷ್ಟು ಇಳಿಸಿದರೆ ಐಎಸ್‌ಒ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಚರ್ಮದ ಹದ ಚಿತ್ರದಲ್ಲಿ ಉಳಿಯುತ್ತದೆ. ಒಗೆತದಲ್ಲೂ ಒಂದು ನಿಲುಗಡೆ ಇದೆ. ಎದುರಾಳಿಯನ್ನು ಹೆಗಲ ಮೇಲೆ ಎತ್ತಿದಾಗ ಏರುವುದು ಮುಗಿದು ಇಳಿಯುವುದು ಶುರುವಾಗುವ ಮುನ್ನ ಮೈ ಗಾಳಿಯಲ್ಲಿ ನಿಂತಂತಿರುತ್ತದೆ. ಅಲ್ಲಿ ಒತ್ತಿದರೆ 1/320ಕ್ಕೂ ಚಿತ್ರ ಗಟ್ಟಿಯಾಗಿ ಬರುತ್ತದೆ. ಸಂಗ್ರಾಣಿ ಕಲ್ಲು ಎತ್ತುವವರು ಕಲ್ಲನ್ನು ಎದೆಗೆ ತಂದು ಉಸಿರು ಕಟ್ಟುವ ಗಳಿಗೆಗೆ 1/160 ಸಾಕು. ಜೋಡಿ ತಿರುಗಿಸುವವರನ್ನು ತೆಗೆಯುವಾಗ ಬೇಕೆಂದೇ 1/60ಕ್ಕೆ ಇಳಿಸಿ ನೋಡಿ, ಮುಖ ನಿಂತು ಕಟ್ಟಿಗೆಯ ಜೋಡಿಗಳು ಮಾತ್ರ ಚಕ್ರವಾಗುತ್ತವೆ.

ಇದರರ್ಥ, ಡಾವು ಬರುವುದು ಮೊದಲೇ ಗೊತ್ತಾಗಬೇಕು. ಕುಸ್ತಿ ಕಲಿಸುವ ವಸ್ತಾದರು ಅಖಾಡದ ಅಂಚಿನಲ್ಲಿ ಕುಳಿತು ಕೂಗುವುದನ್ನು ಕೇಳುತ್ತಿದ್ದರೆ ಅರ್ಧ ತಿಳಿಯುತ್ತದೆ. ಇನ್ನರ್ಧ ಕಾಲು ನೋಡಿದರೆ ತಿಳಿಯುತ್ತದೆ, ಏಕೆಂದರೆ ಕೈ ಮೋಸ ಮಾಡುತ್ತದೆ, ಹಿಂದಿಟ್ಟ ಹಿಮ್ಮಡಿ ಮೋಸ ಮಾಡುವುದಿಲ್ಲ. ಕ್ಯಾಮೆರಾ ಚೀಲದಲ್ಲೇ ಇಟ್ಟು ಕೆಲವು ನಸುಕುಗಳನ್ನು ನೋಡುವುದಕ್ಕೇ ಕಳೆಯಿರಿ. ಲಕ್ಷ ರೂಪಾಯಿ ಲೆನ್ಸು ಉಳಿಸಿಕೊಡುವಷ್ಟೇ ಬೆಳಕನ್ನು ಈ ತಿಳಿವಳಿಕೆಯೂ ಉಳಿಸುತ್ತದೆ. ಅದಕ್ಕೆ ಲೆಕ್ಕವೂ ಇದೆ: 1/800 ಬೇಕಿದ್ದ ಕಡೆ 1/200ರಲ್ಲಿ ಕೆಲಸ ಮುಗಿದರೆ ನಾಲ್ಕು ಪಟ್ಟು ಬೆಳಕು ಸಿಕ್ಕಿತು.

ಇನ್ನು ಲೆನ್ಸು. ಕ್ಯಾಮೆರಾದ ಜೊತೆ ಬರುವ 18-55 ಕಿಟ್ ಲೆನ್ಸನ್ನು ಜೂಮ್ ಮಾಡಿದರೆ ಎಫ್/5.6ಕ್ಕೆ ಕುಗ್ಗುತ್ತದೆ. ಎಂಬತ್ತು ಲಕ್ಸಿನ ಗರಡಿಯಲ್ಲಿ 1/640 ಇಟ್ಟರೆ ಅದು ಕೇಳುವ ಐಎಸ್‌ಒ ಅರವತ್ತು ಸಾವಿರದ ಮೇಲೆ. ಎಫ್/2.8 ಲೆನ್ಸಾದರೆ ಹದಿನಾರು ಸಾವಿರ. ಎಫ್/1.8 ಆದರೆ 6400. ಈ ಕೊನೆಯ ಸಾಲಿನ ಲೆನ್ಸುಗಳಲ್ಲಿ ಅತಿ ಅಗ್ಗದ್ದು 50 ಎಂಎಂ. ಹೊಸದಕ್ಕೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಗರಡಿಯಂಥ ಇಕ್ಕಟ್ಟಿಗೆ 70-200 ಎಫ್/2.8 ತಂದು ಗೋಡೆಗೆ ಬೆನ್ನು ಹಚ್ಚಿ ಒದ್ದಾಡುವವರನ್ನು ಕಂಡಾಗ ಅಯ್ಯೋ ಎನಿಸುತ್ತದೆ. ಅದು ಕಬಡ್ಡಿಯ ಆಯುಧ, ಗರಡಿಯದಲ್ಲ. ಚಿಕ್ಕ ಸೆನ್ಸರಿನ ಕ್ಯಾಮೆರಾ ಇದ್ದರೆ 35 ಎಂಎಂ ಎಫ್/1.8, ದೊಡ್ಡ ಸೆನ್ಸರ್ ಇದ್ದರೆ 50. ಜೂಮ್ ಬೇಕೇ ಬೇಕು ಎನ್ನುವವರಿಗೆ ಸಿಗ್ಮಾದವರು 2013ರಲ್ಲಿ ತಂದ 18-35 ಎಫ್/1.8 ಇದೆ, ಚಿಕ್ಕ ಸೆನ್ಸರಿಗೆ ಮಾಡಿದ್ದು, ಕೈ ಸೋಲುವಷ್ಟು ಭಾರ.

ಎಫ್/1.8ಕ್ಕೆ ಒಂದು ದಂಡ ತೆರಬೇಕು. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿನಿಂದ ನಾಲ್ಕು ಮೀಟರ್ ದೂರದವನನ್ನು ಹಿಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದೂವರೆ ಅಡಿ. 85 ಎಂಎಂ ಆದರೆ ಗೇಣಿಗೂ ಕಡಿಮೆ. ಇಬ್ಬರು ಪೈಲ್ವಾನರ ಎರಡೂ ಮುಖ ಒಟ್ಟಿಗೆ ಸ್ಪಷ್ಟವಾಗಿರಬೇಕೆಂಬ ಆಸೆ ಬಿಡಿ. ಅದರಲ್ಲಿ ಯಾರ ಮುಖ ಬೇಕು ಎಂಬುದನ್ನು ನೀವು ಆರಿಸಬೇಕು, ಕ್ಯಾಮೆರಾಕ್ಕೆ ಬಿಟ್ಟುಕೊಡಬಾರದು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಕಣ್ಣು ಹುಡುಕುವ ಫೋಕಸ್ ಓಟಗಾರನಿಗೆ ಚೆನ್ನ. ನಾಲ್ಕು ಕೈ, ಎರಡು ತಲೆ ಗಂಟು ಬಿದ್ದಾಗ ಅದು ಒಮ್ಮೆ ಇವನ ಕಣ್ಣಿಗೆ, ಇನ್ನೊಮ್ಮೆ ಹಿಂದೆ ಕುಳಿತ ಹುಡುಗನ ಕಣ್ಣಿಗೆ ಹಾರುತ್ತದೆ. ಒಂದೇ ಫೋಕಸ್ ಬಿಂದು ಅಥವಾ ಚಿಕ್ಕ ಗುಂಪು, ಬಿಡದೆ ಹಿಂಬಾಲಿಸುವ ಮೋಡು, ಫೋಕಸ್ ಕೆಲಸವನ್ನು ಹಿಂದಿನ ಬಟನಿಗೆ ವಹಿಸುವುದು, ಹಳೆಯ ಈ ಕ್ರಮವೇ ಗರಡಿಯಲ್ಲಿ ಗೆಲ್ಲುತ್ತದೆ. 6ಡಿಯಂಥ ಕ್ಯಾಮೆರಾದಲ್ಲಿ ಕತ್ತಲೆಗೆ ಜಗ್ಗದ್ದು ನಡುವಿನ ಬಿಂದು ಒಂದೇ, ಅದನ್ನೇ ಬಳಸಿ. ಬರೀ ಮಣ್ಣು ಮೆತ್ತಿದ ಬೆನ್ನಿನ ಮೇಲೆ ಫೋಕಸ್ ಹಿಡಿಯದೆ ಲೆನ್ಸು ಹಿಂದೆ ಮುಂದೆ ಅಲೆದಾಡಿದರೆ ಲಂಗೋಟಿಯ ಅಂಚು, ಕಿವಿ, ಕೈಯ ದಾರ ಹೀಗೆ ಗೆರೆ ಇರುವ ಕಡೆ ತೋರಿಸಿ. ಫೋಕಸಿಗೆ ನೆರವಾಗಲು ಕ್ಯಾಮೆರಾ ತಾನೇ ಬಿಡುವ ಕೆಂಪು ದೀಪ, ಬೀಪ್ ಸದ್ದು ಎರಡನ್ನೂ ಒಳಗೆ ಕಾಲಿಡುವ ಮೊದಲೇ ಆರಿಸಿಬಿಡಿ.

ಐಎಸ್‌ಒ ಬೆಳಕನ್ನು ಹೆಚ್ಚಿಸುವುದಿಲ್ಲ. ಕುಸ್ತಿ ಕಣದ ಮೈಕಿನ ದನಿ ಏರಿಸಿದರೆ ಹೇಳಿಕೆಯ ಜೊತೆ ಗೊರಗೊರವೂ ದೊಡ್ಡದಾಗುವಂತೆ, ಬಂದಷ್ಟು ಬೆಳಕನ್ನೇ ದೊಡ್ಡದು ಮಾಡುತ್ತದೆ. ಹಾಗೆಂದು ಅದಕ್ಕೆ ಹೆದರಿ 1600ಕ್ಕೆ ಇಟ್ಟು, ಕತ್ತಲಾಗಿ ಬಂದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬೆಳಗಿಸುವುದು ದಡ್ಡತನ; ಗ್ರೇನ್ಸ್ ಅಷ್ಟೇ ಬರುತ್ತವೆ, ಹಲವು ಕ್ಯಾಮೆರಾಗಳಲ್ಲಿ ಇನ್ನೂ ಹೆಚ್ಚು ಬರುತ್ತವೆ. 6400 ಇಡಿ, ಬೇಕಾದರೆ 12800 ಇಡಿ. ರಾ ಫೈಲಿನಲ್ಲಿ ತೆಗೆದಿದ್ದರೆ ಅಡೋಬಿ ಲೈಟ್‌ರೂಮಿಗೆ 2023ರ ಏಪ್ರಿಲ್‌ನಲ್ಲಿ ಸೇರಿದ ಡಿನಾಯ್ಸ್ ಸೌಲಭ್ಯ ಎರಡು ಸ್ಟಾಪಿನಷ್ಟು, ಅಂದರೆ ನಾಲ್ಕು ಪಟ್ಟು ಬೆಳಕಿನಷ್ಟು ನೆರವು ಕೊಟ್ಟಂತೆ ಕಾಣುತ್ತದೆ. ಅದನ್ನು ಕೊನೆಯವರೆಗೆ ಎಳೆಯಬೇಡಿ. ಮಣ್ಣು ಮೆತ್ತಿದ ಪೈಲ್ವಾನ ಮೇಣದ ಗೊಂಬೆಯಾಗುತ್ತಾನೆ. ಪತ್ರಿಕೆಯ ಕಾಗದದ ಮೇಲಂತೂ ಮಸಿಯೇ ಹರಡಿ ಗ್ರೇನ್ಸನ್ನು ನುಂಗಿಬಿಡುತ್ತದೆ. ಅಲುಗಿದ ಚಿತ್ರವನ್ನು ಯಾವ ಕಾಗದವೂ ನೆಟ್ಟಗೆ ಮಾಡುವುದಿಲ್ಲ.

ಕ್ಯಾಮೆರಾದ ಬೆಳಕಿನ ಅಳತೆಯನ್ನು ಗರಡಿಯಲ್ಲಿ ನಂಬುವಂತಿಲ್ಲ. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಗೋಡೆ, ಕೆಮ್ಮಣ್ಣು. ಅದನ್ನು ನೋಡಿ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ, ಬೆವರಿದ ಹೆಗಲ ಹೊಳಪು ಸುಣ್ಣದಂತೆ ಬಿಳುಚುತ್ತದೆ. ಒಳಗೆ ಬೆಳಕು ಬದಲಾಗುವುದಿಲ್ಲವಾದ್ದರಿಂದ ಮೂರನ್ನೂ ಕೈಯಾರೆ ಕೂಡಿಸಿ ಬಿಟ್ಟುಬಿಡಿ: ಎಫ್/1.8, 1/640, 6400. ಒಂದು ಚಿತ್ರ ತೆಗೆದು ಹೆಗಲ ಹೊಳಪು ನೋಡಿ, ಹೆಚ್ಚಾಗಿದ್ದರೆ ಇಳಿಸಿ. ಕೆಂಪು ಬಣ್ಣ ಉಳಿದೆರಡಕ್ಕಿಂತ ಬೇಗ ಉಕ್ಕುತ್ತದೆ ಎಂಬುದನ್ನು ನೆನಪಿಡಬೇಕು, ಏಕೆಂದರೆ ಅಖಾಡದ ಮಣ್ಣೇ ಕೆಳಗಿನಿಂದ ಕೆಂಪು ಬೆಳಕನ್ನು ಗದ್ದ, ಎದೆಯ ಮೇಲೆ ಹಾಯಿಸುತ್ತಿರುತ್ತದೆ. ಮೇಲಿನ ಟ್ಯೂಬ್‌ಲೈಟು ಹಸಿರು ಬೆರೆಸುತ್ತದೆ. ಬೂದು ಬಣ್ಣದ ಕಾರ್ಡು ಹಿಡಿದು ವೈಟ್ ಬ್ಯಾಲೆನ್ಸ್ ಕೂಡಿಸಿಕೊಳ್ಳಿ. ಪೂರ್ತಿ ತಟಸ್ಥ ಮಾಡುವುದೂ ಬೇಡ, ಗರಡಿಯ ಆ ಕೆಂಪು ಸುಳ್ಳಲ್ಲ.

ಟ್ಯೂಬ್‌ಲೈಟಿನ ಇನ್ನೊಂದು ಕಾಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳೂ ಹಾಗೇ ಮಿಣುಕುತ್ತವೆ. ಕಣ್ಣಿಗೆ ಇದು ಕಾಣದು. 1/500 ಶಟರ್ ಆ ಏರಿಳಿತದ ಐದನೇ ಒಂದು ಭಾಗವನ್ನಷ್ಟೇ ನೋಡುತ್ತದೆ, ಹಾಗಾಗಿ ಒಂದರ ಹಿಂದೆ ಒಂದು ತೆಗೆದ ಚಿತ್ರಗಳಲ್ಲಿ ಒಂದು ಬೆಳಗಿರುತ್ತದೆ, ಒಂದು ಕಂದಿರುತ್ತದೆ, ಒಂದು ಹಳದಿಗೆ ತಿರುಗಿರುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರಂತೂ ಚಿತ್ರದ ಅಡ್ಡಕ್ಕೆ ಪಟ್ಟೆಪಟ್ಟೆ. ಕ್ಯಾನನ್‌ನವರು 2014ರಲ್ಲಿ 7ಡಿ ಮಾರ್ಕ್ 2 ಕ್ಯಾಮೆರಾದೊಂದಿಗೆ ತಂದ ಆ್ಯಂಟಿ-ಫ್ಲಿಕರ್ ವ್ಯವಸ್ಥೆ ದೀಪದ ಏರು ಹೊತ್ತನ್ನು ಕಾದು ಶಟರ್ ತೆರೆಯುತ್ತದೆ; ಈಗ ಬಹಳಷ್ಟು ಕ್ಯಾಮೆರಾಗಳಲ್ಲಿ ಅಂಥದ್ದಿದೆ, ಮೆನುವಿನಲ್ಲಿ ಹುಡುಕಿ ಚಾಲೂ ಮಾಡಿ. ಇಲ್ಲದವರು ಯಾಂತ್ರಿಕ ಶಟರ್ ಹಾಕಿ ಒಟ್ಟಿಗೆ ನಾಲ್ಕಾರು ತೆಗೆದು ಒಳ್ಳೆಯದನ್ನು ಆರಿಸಬೇಕು. ಅಲುಗದ ಹಿಡಿತಗಳಿಗೆ 1/100 ಇಟ್ಟರೆ ಒಂದು ಪೂರ್ತಿ ಏರಿಳಿತ ಒಳಗೆ ಬಂದು ತಂಟೆಯೇ ಇರುವುದಿಲ್ಲ. ಮೂರು ಫೇಸಿನ ಕರೆಂಟಿದ್ದು ಅಕ್ಕಪಕ್ಕದ ದೀಪಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಒಂದು ಕಂದುವಾಗ ಇನ್ನೊಂದು ಏರಿ ಮಿಣುಕು ತಾನಾಗಿ ಕಡಿಮೆಯಾಗುತ್ತದೆ. ತಿರುಗುವ ಯಂತ್ರಗಳಿರುವ ಶೆಡ್ಡುಗಳಲ್ಲಿ ದೀಪಗಳನ್ನು ಹೀಗೆ ಹಂಚಿ ಜೋಡಿಸುವ ಕ್ರಮ ಉಂಟು, ಬನಹಟ್ಟಿಯ ಪಾವರ್‌ಲೂಮ್ ಓಣಿಯಲ್ಲಿ ವೈರಿಂಗ್ ಮಾಡುವವರನ್ನು ಕೇಳಿದರೆ ನಮ್ಮ ಕ್ಯಾಮೆರಾ ಅಂಗಡಿಯವರಿಗಿಂತ ಚೆನ್ನಾಗಿ ವಿವರಿಸಿಯಾರು.

ಎಲ್ಲರೂ ಮರೆಯುವ ಅಗ್ಗದ ಉಪಾಯವೊಂದಿದೆ. ಒಂದು ಟ್ಯೂಬ್ ಇರುವ ಕಡೆ ನಾಲ್ಕು ಹಾಕಿದರೆ ಬೆಳಕು ನಾಲ್ಕು ಪಟ್ಟು. ಎಫ್/5.6 ಲೆನ್ಸಿನಿಂದ ಎಫ್/2.8 ಜೂಮಿಗೆ ಏರಿದರೆ ಸಿಗುವುದೂ ನಾಲ್ಕೇ ಪಟ್ಟು, ಅದಕ್ಕೆ ಲಕ್ಷ ರೂಪಾಯಿಯ ಮಾತು. ಮಿಣುಕದ ಒಳ್ಳೆ ಎಲ್‌ಇಡಿ ಪಟ್ಟಿ ದೀಪ ಮೂರು ತಂದರೆ ಒಂದೆರಡು ಸಾವಿರದೊಳಗೆ ಮುಗಿಯುತ್ತದೆ. ವಸ್ತಾದರನ್ನು ಕೇಳಿ, ಒಪ್ಪಿದರೆ ಒಂದೇ ಬದಿಯ ಗೋಡೆಗೆ ಹಾಕಿಸಿ, ಫೋಟೊ ಮುಗಿದ ಮೇಲೆ ಗರಡಿಗೇ ಬಿಟ್ಟು ಬನ್ನಿ. ಒಪ್ಪದಿದ್ದರೆ ಒತ್ತಾಯ ಬೇಡ.

ಫ್ಲ್ಯಾಶ್ ಬೇಡವೇ ಬೇಡ. ಎತ್ತಿ ಒಗೆಯುವ ಗಳಿಗೆಯಲ್ಲಿ ಕಣ್ಣಿಗೆ ಮಿಂಚು ಹೊಡೆದರೆ ಕುತ್ತಿಗೆ ಮುರಿಯುವ ಆಟವಿದು. ಗಾಳಿಯಲ್ಲಿ ತೇಲುವ ಮಣ್ಣಿನ ಧೂಳಿನ ಕಣಗಳು ಬೇರೆ ಬಿಳಿ ಚುಕ್ಕೆಗಳಾಗಿ ಚಿತ್ರದ ತುಂಬ ಮೂಡುತ್ತವೆ. ಫ್ಲ್ಯಾಶಿನಿಂದ ದೊಡ್ಡ ಚಿತ್ರ ಬಂದಿಲ್ಲವೆಂದಲ್ಲ. 1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್ ಊರಿನಲ್ಲಿ ನೆಲಕ್ಕೆ ಬಿದ್ದ ಸೋನಿ ಲಿಸ್ಟನ್ ಮೇಲೆ ಮುಹಮ್ಮದ್ ಅಲಿ ಗುಡುಗುವ ಚಿತ್ರವನ್ನು 22 ವರ್ಷದ ನೀಲ್ ಲೈಫರ್ ತೆಗೆದದ್ದು ಕಣದ ಮೇಲೆ ಕಟ್ಟಿದ್ದ ದೊಡ್ಡ ಸ್ಟ್ರೋಬ್ ದೀಪಗಳಿಂದ. ಆ ದೀಪಗಳು ಒಮ್ಮೆ ಮಿಂಚಿದರೆ ಮತ್ತೆ ತುಂಬಿಕೊಳ್ಳಲು ಹೊತ್ತು ಬೇಕು, ಹಾಗಾಗಿ ಅವನಿಗೆ ಸಿಕ್ಕಿದ್ದು ಒಂದೇ ಅವಕಾಶ. ಚಿತ್ರವನ್ನು ಗಮನಿಸಿ ನೋಡಿದರೆ ಅಲಿಯ ಕಾಲುಗಳ ನಡುವೆ ಇನ್ನೊಬ್ಬ ಛಾಯಾಗ್ರಾಹಕ ಕಾಣುತ್ತಾನೆ, ಹರ್ಬ್ ಶಾರ್ಫ್‌ಮನ್, ಲೈಫರ್ ಚಿತ್ರ ತೆಗೆಯುತ್ತಿದ್ದ ಪತ್ರಿಕೆಯವನೇ ಆದ ಹಿರಿಯ. ಅವನಿಗೆ ಕಂಡದ್ದು ಅಲಿಯ ಬೆನ್ನು. ಕುಸ್ತಿ ತೆಗೆಯುವವರಿಗೆ ಈ ಪಾಡು ದಿನನಿತ್ಯದ್ದು. ಅಖಾಡದಲ್ಲಿ ನಿಮ್ಮ ಜಾಗವನ್ನು ಬೆಳಕು ನೋಡಿ ಹಿಡಿಯಿರಿ: ಟ್ಯೂಬು ನಿಮ್ಮ ಎಡಕ್ಕೋ ಬಲಕ್ಕೋ ಇರಲಿ, ಬೆನ್ನ ಹಿಂದೆ ಬೇಡ. ಮೂಲೆಯಲ್ಲಿ ಮಂಡಿಯೂರಿ, ಕ್ಯಾಮೆರಾ ಪೈಲ್ವಾನರ ಸೊಂಟದ ಮಟ್ಟಕ್ಕೆ. ಜೋಡಿ ಉರುಳಿ ಮೈಮೇಲೆ ಬರುವುದು ಖಂಡಿತ, ಎದ್ದು ಸರಿಯಲು ಜಾಗ ಬಿಟ್ಟುಕೊಂಡಿರಿ.

ಒಳಗೆ ಹೋಗುವ ರೀತಿಯೂ ತಾಂತ್ರಿಕ ವಿಷಯವೇ. ‘ವಸ್ತಾದ್ರ, ಒಳಗ ಬರ್ಲ್ಯಾ?’ ಎಂದರೆ ‘ಚಪ್ಪಲಿ ಅಲ್ಲೇ ಬಿಟ್ಟು, ಹಣಮಪ್ಪಗ ಕೈ ಮುಗುದು ಬರ್ರಿ’ ಎನ್ನುತ್ತಾರೆ. ಅಷ್ಟು ಮಾಡಿದವರಿಗೆ ಕೂಡಲು ಒಳ್ಳೆ ಜಾಗವೂ ಸಿಗುತ್ತದೆ. ಮಾಗಿಯ ಚಳಿಯ ನಸುಕಿನಲ್ಲಿ ಹೊರಗಿನಿಂದ ತಂದ ತಣ್ಣನೆ ಲೆನ್ಸು ಒಳಗಿನ ಬೆವರ ಹಬೆಗೆ ಮಂಜು ಕಟ್ಟುತ್ತದೆ. ಚೀಲ ಮುಚ್ಚಿಟ್ಟುಕೊಂಡೇ ಒಂದಷ್ಟು ಹೊತ್ತು ಕುಳಿತು ಆಮೇಲೆ ತೆಗೆಯಿರಿ. ಒಳಗೆ ಲೆನ್ಸು ಬದಲಾಯಿಸಬೇಡಿ, ಆ ನುಣ್ಣನೆ ಮಣ್ಣು ಸೆನ್ಸರಿಗೆ ಕೂತರೆ ಬಿಡುವುದಿಲ್ಲ. ಹಲವು ಹಳೆಯ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ಇತ್ತು. ಮ್ಯಾಟ್ ಕುಸ್ತಿಯಲ್ಲಿ ಹುಡುಗಿಯರು ಪದಕ ತರುತ್ತಿರುವ ಈ ದಿನಗಳಲ್ಲಿ ಕ್ಯಾಮೆರಾ ಹಿಡಿದ ಹುಡುಗಿಯನ್ನು ಬಾಗಿಲಲ್ಲಿ ತಡೆಯುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ಸ್ಪರ್ಧೆಗಳಲ್ಲಿ ಬಹುಮಾನ ಗಳಿಸುವ ಗರಡಿ ಚಿತ್ರಗಳ ಬಗ್ಗೆಯೂ ಒಂದು ಮಾತು. ಬೆಳಕಿಂಡಿಯಿಂದ ಕೋಲಿನಂತೆ ಇಳಿದ ಬಿಸಿಲು, ಅದರೊಳಗೆ ಮೋಡದಂತೆ ಎದ್ದ ಮಣ್ಣು, ನಡುವೆ ಇಬ್ಬರು ಪೈಲ್ವಾನರು. ಚೆಂದವೇನೋ ಹೌದು. ಆದರೆ ಬೆಳಕಿಂಡಿಯ ಬಿಸಿಲು ನೆಟ್ಟಗೆ ಇಳಿಯುವುದು ನಡುಹಗಲಿಗೆ, ಆಗ ಯಾವ ಗರಡಿಯಲ್ಲೂ ತಾಲೀಮು ಇರುವುದಿಲ್ಲ. ಕರೆಸಿ, ನಿಲ್ಲಿಸಿ, ಮಣ್ಣು ತೂರಿಸಿ ತೆಗೆದ ಚಿತ್ರ ಅದು. ಸ್ಟುಡಿಯೊ ಪರದೆಯ ಮುಂದೆ ಗದೆ ಹಿಡಿಸಿ ನಿಲ್ಲಿಸಿದ ಹಳೆಯ ಚಿತ್ರಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಗರಡಿಯಾಚೆಯ ಆಟಗಳಿಗೆ ಲೆಕ್ಕ ಸ್ವಲ್ಪ ಸಡಿಲ. ಹೊನಲು ಬೆಳಕಿನ ಕಬಡ್ಡಿಯಲ್ಲಿ ಮುನ್ನೂರು ಲಕ್ಸ್ ಸಿಕ್ಕರೆ ಎಫ್/2.8, 1/1000, 6400ರಲ್ಲಿ ಕೆಲಸವಾಗುತ್ತದೆ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. 85 ಎಂಎಂ ಅಥವಾ 70-200 ಇಲ್ಲಿ ನ್ಯಾಯವಾದ ಆಯ್ಕೆ. ದೀಪದ ಕಂಬಗಳು ಒಂದೇ ಬದಿಗಿದ್ದರೆ ನೀವೂ ಆ ಬದಿಗೇ ಇರಿ, ಇಲ್ಲವಾದರೆ ರೈಡರ್ ಮುಖವೆಲ್ಲ ಕಪ್ಪು. ಪಕ್ಕದ ತುಳಸಿಗೇರಿ ಮಲ್ಲಕಂಬಕ್ಕೆ ಹೆಸರಾದ ಊರು. ಮಲ್ಲರ ಕಂಬದ ಕಸರತ್ತು 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಬರುತ್ತದೆ. ಕಂಬ ಜಾಗ ಬಿಡುವುದಿಲ್ಲವಾದ್ದರಿಂದ ಫೋಕಸ್ ಸುಲಭ, 1/500 ಸಾಕು. ಕಲ್ಯಾಣಮಂಟಪದ ಕರಾಟೆ, ಶಟಲ್ ಪಂದ್ಯಗಳಲ್ಲಿ ಬಣ್ಣದ ಸೀರಿಯಲ್ ದೀಪಗಳನ್ನು ಆರಿಸಲು ಆಯೋಜಕರನ್ನು ಒಪ್ಪಿಸಿದರೆ ಅರ್ಧ ಕೆಲಸ ಮುಗಿಯಿತು. ಜಾತ್ರೆಯ ಸಂಜೆಯ ಕಣದಲ್ಲಿ ಮಾತ್ರ ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಅಲ್ಲಿ ಶಟರ್, ಅಪರ್ಚರ್ ಕೈಯಲ್ಲಿಟ್ಟುಕೊಂಡು ಐಎಸ್‌ಒ ಆಟೊಗೆ ಬಿಡಿ, 12800ರ ಮಿತಿ ಹಾಕಿ.

ಮೊಬೈಲಿನಲ್ಲಿ ಆಗದೇ ಎಂದು ಕೇಳುವವರಿಗೆ: ಅಲುಗದ ಹಿಡಿತಗಳು ಬರುತ್ತವೆ, ಒಗೆತ ಬರುವುದಿಲ್ಲ. ಮೊಬೈಲಿನ ಲೆನ್ಸೂ ಎಫ್/1.8ರ ಆಸುಪಾಸಿನದೇ, ಸೆನ್ಸರ್ ಮಾತ್ರ ಉಗುರಿನಷ್ಟು. ಕೊರತೆ ತುಂಬಲು ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ, ಅಷ್ಟರಲ್ಲಿ ಪೈಲ್ವಾನನಿಗೆ ಮೂರು ಕೈ ಬಂದಿರುತ್ತವೆ. ನೈಟ್ ಮೋಡ್ ಬಂದ್ ಮಾಡಿ, ಪ್ರೊ ಮೋಡಿನಲ್ಲಿ ಶಟರ್ 1/200ಕ್ಕೆ ಕಟ್ಟಿಹಾಕಿ ನೋಡಿ.

ಶಟರ್ ಎಷ್ಟು, ಅಪರ್ಚರ್ ಎಷ್ಟು ಎಂಬುದು ಚಿತ್ರದ ಫೈಲಿನೊಳಗೆ ತಾನಾಗಿ ದಾಖಲಾಗುತ್ತದೆ. ಯಾವ ಓಣಿಯ ಗರಡಿ, ವಸ್ತಾದರು ಯಾರು, ಮೇಲಿದ್ದವನು ಯಾರು, ಕೆಳಗಿದ್ದವನು ಯಾರು, ಹಾಕಿದ್ದು ಯಾವ ಡಾವು ಎಂಬುದು ದಾಖಲಾಗುವುದಿಲ್ಲ. ಫೈಲಿನಲ್ಲೇ ವಿವರ ಬರೆಯಲು ಜಾಗವಿದೆ, ಕನ್ನಡದಲ್ಲೂ ಬರೆಯಬಹುದು. ಅವತ್ತೇ, ಪೈಲ್ವಾನರು ಮೈ ತೊಳೆದುಕೊಂಡು ಮನೆಗೆ ಹೋಗುವ ಮುನ್ನ, ಕ್ಯಾಮೆರಾದ ಪರದೆ ತೋರಿಸಿ ಒಂದೊಂದನ್ನೂ ಕೇಳಿ ಬರೆದುಕೊಳ್ಳಿ. ಕಿಸೆಯಲ್ಲಿ ಪೆನ್ನು ಇರಲಿ, ಮಣ್ಣು ಮೆತ್ತಿದ ಬೆರಳಿಗೆ ಮೊಬೈಲಿನ ಪರದೆ ಓಗೊಡುವುದಿಲ್ಲ.